ಕನ್ನಡಿ ಹೊಲಿದ ಬಟ್ಟೆ, ನೋಡುವ ಕಣ್ಣು

(ಚನ್ನಗಿರಿಯಲ್ಲಿ ಮಾಡಿದ ಭಾಷಣದ ಪಾಠ)

ಧಾರವಾಡದ ಕಡೆ ಹಿಂದೆ ಮದುವೆಯ ಹೆಣ್ಣಿಗೆ ಕೊಡುತ್ತಿದ್ದ ಸೀರೆಗಳಲ್ಲಿ ಚಂದ್ರಕಾಳಿಗೆ ವಿಶೇಷ ಸ್ಥಾನವಿತ್ತು. ಚಂದ್ರಕಾಳಿ ಎಂದರೆ ಕಪ್ಪು ಸೀರೆ. ಅದರ ಮೇಲೆ ಗೋಪುರ, ತೇರು, ಆನೆ, ತುಳಸಿಕಟ್ಟೆಗಳ ಕಸೂತಿ. ನಮ್ಮಲ್ಲಿ ಎಷ್ಟೋ ಮನೆಗಳ ಅಜ್ಜಿಯರು ಮದುವೆಗೆ ಕಪ್ಪು ಸೀರೆಯನ್ನು ಹೊಸಿಲು ದಾಟಲು ಬಿಡರು. ಕಸೂತಿಯ ಗವಂತಿ ಹೊಲಿಗೆಯದೂ ಇಂಥದೇ ಕಥೆ. ಗಂಟಿಲ್ಲದೆ, ಎರಡೂ ಮಗ್ಗುಲು ಒಂದೇ ರೀತಿ ಕಾಣುವ ಈ ಹೊಲಿಗೆಗೆ ಯುರೋಪಿನಲ್ಲಿ 16ನೇ ಶತಮಾನದ ಚಿತ್ರಕಾರ ಹೋಲ್ಬೈನನ ಹೆಸರಿದೆ. ಅವನು ಬರೆದ ಭಾವಚಿತ್ರಗಳ ಉಡುಪಿನಲ್ಲಿ ಅವರು ಅದನ್ನು ಕಂಡಿದ್ದರು, ಅಷ್ಟೆ!

ಇದಕ್ಕಾಗಿ ಧಾರವಾಡದವರೆಗೆ ಹೋಗಬೇಕಾಗಿಯೂ ಇಲ್ಲ. ನಮ್ಮ ಸುತ್ತಲೇ ಲಂಬಾಣಿ ತಾಂಡಾಗಳಿವೆ. ಸಂತ ಸೇವಾಲಾಲರ ಜನ್ಮಸ್ಥಳವೆಂದು ಬಂಜಾರರು ನಂಬುವ ಸೂರಗೊಂಡನಕೊಪ್ಪ ನ್ಯಾಮತಿ ತಾಲ್ಲೂಕಿನಲ್ಲೇ ಇದೆ. ಫೆಬ್ರವರಿಯ ಜಯಂತಿಗೆ ಅಲ್ಲಿ ಸೇರುವ ಹಿರಿಯ ಹೆಂಗಸರ ಪೇಟಿಯಾ, ಅಂದರೆ ಲಂಗ, ಮತ್ತು ಕಾಂಚಳಿ, ಅಂದರೆ ಬೆನ್ನಿನ ಕಡೆ ದಾರ ಕಟ್ಟುವ ರವಿಕೆ, ಇವುಗಳ ಮೇಲಿನ ಕನ್ನಡಿ, ಕವಡೆ, ನಾಣ್ಯಗಳನ್ನು ಗಮನಿಸಿ. ಇತಿಹಾಸ ಓದಿದವನಿಗೆ ಆ ಕವಡೆ, ನಾಣ್ಯಗಳಲ್ಲಿ ಎತ್ತುಗಳ ಮೇಲೆ ದವಸ, ಉಪ್ಪು ಹೇರಿ ದಂಡುಗಳ ಹಿಂದೆ ನಡೆದ ವ್ಯಾಪಾರಿಗಳು ಕಾಣುತ್ತಾರೆ. ನಗರದಿಂದ ಬಂದವನಿಗೆ ಬಣ್ಣ. ಊರಿನ ಕೆಲವರಿಗೆ ಬರೀ ಬೆನ್ನು. ಉಟ್ಟವಳಿಗೆ, ತಾಯಿಯ ಪಕ್ಕದಲ್ಲಿ ಕುಳಿತು ಸೂಜಿ ಹಿಡಿದ ದಿನಗಳು.

ಇನ್ನೊಂದು ಕಣ್ಣೂ ಇತ್ತು. ರೈಲು ಬಂದು ಎತ್ತಿನ ಸಾಗಣೆ ಮುರಿಯಿತು. 1871ರ ಅಪರಾಧಿ ಬುಡಕಟ್ಟು ಕಾಯ್ದೆಯ ಪಟ್ಟಿಗೆ ಮುಂದೆ ಕೆಲವು ಪ್ರಾಂತಗಳಲ್ಲಿ ಬಂಜಾರರೂ ಸೇರಿದರು. ಕಾವಲಿನವನಿಗೆ ಈ ಉಡುಪು ದೂರದಿಂದಲೇ ಗುರುತು ಹೇಳಿರಬೇಕು. ಕಾಯ್ದೆ 1952ರಲ್ಲಿ ಹೋಯಿತು. ನೋಟ ಅಷ್ಟು ಬೇಗ ಹೋಗಲಿಲ್ಲ.

ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ವೇಳೆ 450ಕ್ಕೂ ಹೆಚ್ಚು ಮಹಿಳೆಯರು ತಯಾರಿಸಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಸಂತೋಷವೇ. ಆದರೆ ತಾಂಡಾದ ಹುಡುಗಿ ಇದನ್ನುಟ್ಟು ಕಾಲೇಜಿನ ಬಸ್ಸು ಹತ್ತುವುದಿಲ್ಲವೆಂದು ದೂರುವವರ ಜೊತೆ ನಾನಿಲ್ಲ. ತಾಯಿಯನ್ನು ಸಂತೆಯಲ್ಲಿ ಜನ ಹೇಗೆ ನೋಡಿದರೆಂಬುದು ಅವಳಿಗೆ ಗೊತ್ತು. ದಿಂಬಿನ ಕವರು ಕೊಂಡವರಿಗೆ ಗೊತ್ತಿಲ್ಲ.

ಹಳೆಯ ಪೇಟಿಯಾಗಳನ್ನು ಕತ್ತರಿಸಿ ಚೀಲ, ಕವರು ಹೊಲಿಯುವುದುಂಟು. ಸೊಂಟದ ಪಟ್ಟಿಯ ಕೆಲಸ ಒಮ್ಮೊಮ್ಮೆ ಚೀಲದ ತಳಕ್ಕೆ ಬಂದಿರುತ್ತದೆ. ಕೊಂಡವರು ಅದನ್ನು ಮೆಚ್ಚಿಕೊಂಡೇ ಹಿಡಿದಿರುತ್ತಾರೆ. ಹೊಲಿದವಳಿಗೆ ಮಾತ್ರ ಅದು ತಲೆಕೆಳಗೆಂದು ತಿಳಿಯುತ್ತದೆ.