ಮನೆಯಿಂದ ದೂರ ಮೊದಲ ರಾತ್ರಿ



ಏಪ್ರಿಲ್ ತಿಂಗಳು ಬಂತೆಂದರೆ ಪರೀಕ್ಷೆಗಳು ಮುಗಿದು ಬೇಸಿಗೆ ರಜೆ ಆರಂಭವಾಗುತ್ತದೆ. ಹಿಂದೆ ರಜೆ ಎಂದರೆ ಅಜ್ಜಿಯ ಮನೆ. ಈಗ ಅದರ ಜೊತೆಗೆ ಬೇಸಿಗೆ ಶಿಬಿರಗಳೂ ಸೇರಿಕೊಂಡಿವೆ. ಬೆಳಿಗ್ಗೆ ಹೋಗಿ ಸಂಜೆ ಮರಳುವ ಶಿಬಿರದ ಮಾತು ಬೇರೆ, ರಾತ್ರಿ ಅಲ್ಲಿಯೇ ಉಳಿಯುವ ಶಿಬಿರದ ಮಾತು ಬೇರೆ. ನಿಮ್ಮಲ್ಲಿ ಕೆಲವರು ಮೊದಲ ಸಲ ಅಂಥ ಶಿಬಿರಕ್ಕೆ ಹೊರಟಿರಬಹುದು. ಕಾಲೇಜಿನಲ್ಲಿರುವವರ ಮನೆಯಲ್ಲಿ ತಮ್ಮನೋ ತಂಗಿಯೋ ಹೊರಟಿರಬಹುದು. ಇಬ್ಬರಿಗೂ ಉಪಯೋಗವಾಗುವ ಕೆಲವು ವಿಚಾರಗಳನ್ನು ಇಲ್ಲಿ ನೋಡೋಣ.

1907ರ ಆಗಸ್ಟ್ ತಿಂಗಳಲ್ಲಿ ಬೇಡನ್ ಪೊವೆಲ್ ಅವರು ಇಂಗ್ಲೆಂಡಿನ ಬ್ರೌನ್‌ಸೀ ಎಂಬ ಪುಟ್ಟ ದ್ವೀಪಕ್ಕೆ ಸುಮಾರು 20 ಹುಡುಗರನ್ನು ಕರೆದೊಯ್ದರು. ಸಿರಿವಂತರ ಮಕ್ಕಳೂ ದುಡಿಯುವವರ ಮಕ್ಕಳೂ ಅಲ್ಲಿ ಒಟ್ಟಿಗೆ ಡೇರೆಗಳಲ್ಲಿ ಮಲಗಿದರು. ಹುಡುಗರನ್ನು ನಾಲ್ಕು ತಂಡಗಳಾಗಿ ಮಾಡಿ, ಪ್ರತಿ ತಂಡಕ್ಕೂ ಒಬ್ಬ ಹುಡುಗನನ್ನೇ ನಾಯಕನನ್ನಾಗಿ ಮಾಡಲಾಗಿತ್ತು. ಸ್ಕೌಟ್ ಚಳವಳಿಗೆ ನಾಂದಿಯಾದದ್ದು ಈ ಶಿಬಿರ. ನಮ್ಮ ದೇಶದಲ್ಲಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆ 1950ರಲ್ಲಿ ರೂಪುಗೊಂಡಿತು. ನಮ್ಮ ರಾಜ್ಯದಲ್ಲಿ ದೊಡ್ಡಬಳ್ಳಾಪುರ, ಕೊಂಡಜ್ಜಿಗಳಲ್ಲಿ ಅದರ ತರಬೇತಿ ಕೇಂದ್ರಗಳಿವೆ. ಸ್ಕೌಟ್ ಶಿಬಿರಗಳಲ್ಲಿ ಇಂದಿಗೂ ಸಣ್ಣ ತಂಡದ ಪದ್ಧತಿಯೇ ಇದೆ. ಇದಕ್ಕೆ ಕಾರಣವಿದೆ. ನೂರು ಜನರ ನಡುವೆ ಹೊಸ ಮಗು ಒಂಟಿಯಾಗುತ್ತದೆ. ಆರೆಂಟು ಜನರ ತಂಡದಲ್ಲಿ ಅದರ ಹೆಸರು ಎಲ್ಲರಿಗೂ ತಿಳಿದಿರುತ್ತದೆ.

ಇನ್ನು ಮನೆಯ ಹಂಬಲದ ವಿಚಾರ. 1688ರಲ್ಲಿ ಸ್ವಿಟ್ಜರ್‌ಲೆಂಡಿನ ಯೋಹಾನೆಸ್ ಹೋಫರ್ ಎಂಬಾತ ತನ್ನ ವೈದ್ಯಕೀಯ ಪ್ರಬಂಧದಲ್ಲಿ ಇದಕ್ಕೆ ‘ನಾಸ್ಟಾಲ್ಜಿಯಾ’ ಎಂದು ಹೆಸರಿಟ್ಟ. ಗ್ರೀಕ್ ಭಾಷೆಯ ‘ಮರಳುವಿಕೆ’ ಮತ್ತು ‘ನೋವು’ ಎಂಬ ಎರಡು ಪದಗಳಿಂದ ಅದು ಹುಟ್ಟಿತು. ಆತ ಇದನ್ನು ರೋಗವೆಂದೇ ಎಣಿಸಿದ್ದ. ಆದರೆ ಮನೆಯಿಂದ ದೂರವಿದ್ದಾಗ ಮನೆ ನೆನಪಾಗುವುದು ರೋಗವಲ್ಲ, ಹೇಡಿತನವೂ ಅಲ್ಲ. ಹಗಲಿನಲ್ಲಿ ಆಟ, ಹಾಡು, ಕೆಲಸಗಳ ನಡುವೆ ಅದು ಅಷ್ಟಾಗಿ ಕಾಡುವುದಿಲ್ಲ. ಶಿಬಿರಾಗ್ನಿ ಆರಿ, ದೀಪ ಆರಿಸಿ ಮಲಗಿದಾಗ ಕಾಡುತ್ತದೆ. ಸಾಮಾನ್ಯವಾಗಿ ಮೊದಲ ಒಂದೆರಡು ದಿನ ಕಷ್ಟವೆನಿಸಿ, ಆಮೇಲೆ ಕಡಿಮೆಯಾಗುತ್ತದೆ.

ಇದಕ್ಕೆ ಮನೆಯಲ್ಲಿಯೇ ಸಿದ್ಧತೆ ಮಾಡಬಹುದು. ಶಿಬಿರಕ್ಕೆ ಮೊದಲು ಒಂದೆರಡು ರಾತ್ರಿ ಚಿಕ್ಕಮ್ಮನ ಮನೆಯಲ್ಲೋ ಗೆಳೆಯರ ಮನೆಯಲ್ಲೋ ಅಪ್ಪ ಅಮ್ಮ ಇಲ್ಲದೆ ಮಲಗಿ ನೋಡಿ. ಹಾಸಿಗೆ ಸುತ್ತುವುದು, ತಟ್ಟೆ ತೊಳೆಯುವುದು, ಬಟ್ಟೆ ಒಗೆಯುವುದು ಕಲಿತಿರಿ. ಚೀಲವನ್ನು ಅಮ್ಮ ತುಂಬಿದರೆ ಟಾರ್ಚ್ ಎಲ್ಲಿದೆ ಎಂಬುದು ಅಮ್ಮನಿಗೆ ಮಾತ್ರ ಗೊತ್ತಿರುತ್ತದೆ. ಆದ್ದರಿಂದ ನೀವೇ ತುಂಬಿಕೊಳ್ಳಿ. ನಿತ್ಯ ತೆಗೆದುಕೊಳ್ಳುವ ಔಷಧಿ ಇದ್ದರೆ, ಅಥವಾ ತಮ್ಮನಿಗೆ ನಿದ್ದೆಯಲ್ಲಿ ಹಾಸಿಗೆ ಒದ್ದೆಯಾಗುವ ತೊಂದರೆ ಇದ್ದರೆ, ಶಿಬಿರದ ಮುಖ್ಯಸ್ಥರಿಗೆ ಮೊದಲೇ ಗುಟ್ಟಾಗಿ ತಿಳಿಸಬೇಕು. ಮುಚ್ಚಿಟ್ಟರೆ ಆ ಮಗು ಇಡೀ ರಾತ್ರಿ ಹೆದರಿ ಎಚ್ಚರವಾಗಿರುತ್ತದೆ.

ಹೊರಡುವಾಗ ಹಿರಿಯರು ಪ್ರೀತಿಯಿಂದ, “ಬೇಸರವಾದರೆ ಹೇಳು, ಬಂದು ಕರೆದುಕೊಂಡು ಬರುತ್ತೇವೆ” ಎನ್ನುತ್ತಾರೆ. ಈ ಮಾತು ಸಹಾಯಕ್ಕಿಂತ ತೊಂದರೆಯನ್ನೇ ಹೆಚ್ಚು ಮಾಡುತ್ತದೆ. ಮಗು ಮೊದಲ ಗಳಿಗೆಯಿಂದಲೇ ಮರಳುವ ದಾರಿ ನೋಡತೊಡಗುತ್ತದೆ. “ಮನೆ ನೆನಪಾಗುತ್ತದೆ, ಆದರೂ ನೀನು ನಿಭಾಯಿಸುತ್ತೀಯೆ. ಬೇಸರವಾದರೆ ನಿನ್ನ ತಂಡದ ಅಕ್ಕನಿಗೆ ಹೇಳು” ಎನ್ನುವುದು ಲೇಸು.

ಆದರೆ ಬೇಸರ ಬೇರೆ, ಭಯ ಬೇರೆ. ಈ ವ್ಯತ್ಯಾಸ ಪ್ರತಿ ಮಗುವಿಗೂ ಗೊತ್ತಿರಬೇಕು. ಯಾರಾದರೂ ಹೊಡೆದರೆ, ಅಸಹ್ಯವಾಗಿ ಮುಟ್ಟಿದರೆ, “ಯಾರಿಗೂ ಹೇಳಬೇಡ” ಎಂದು ಗದರಿಸಿದರೆ, ಸಹಿಸಿಕೊಳ್ಳುವುದು ಧೈರ್ಯವಲ್ಲ. ಕೂಡಲೇ ನಂಬಿಕೆಯ ಹಿರಿಯರಿಗೆ ಹೇಳಬೇಕು, ಮನೆಗೆ ತಿಳಿಸಬೇಕು. ಮಕ್ಕಳ ಸಹಾಯವಾಣಿಯ ಸಂಖ್ಯೆ 1098. 18 ವರ್ಷದೊಳಗಿನ ಎಲ್ಲರನ್ನೂ ಲೈಂಗಿಕ ದೌರ್ಜನ್ಯದಿಂದ ಕಾಪಾಡಲು 2012ರಲ್ಲಿಯೇ ಪೋಕ್ಸೊ ಕಾಯ್ದೆ ಬಂದಿದೆ. ಹಣ ಕಟ್ಟುವ ಮೊದಲೇ ವಿಚಾರಿಸಿ: ರಾತ್ರಿ ಮಕ್ಕಳ ಜೊತೆ ಯಾರಿರುತ್ತಾರೆ? ಹುಡುಗಿಯರ ಬಳಿ ಮಹಿಳೆಯರು ಇರುತ್ತಾರೆಯೇ? ಶೌಚಾಲಯದ ದಾರಿಯಲ್ಲಿ ದೀಪವಿದೆಯೇ? ಆಸ್ಪತ್ರೆ ಎಷ್ಟು ದೂರ? ಮನೆಯವರು ಯಾವ ಸಂಖ್ಯೆಗೆ ಫೋನ್ ಮಾಡಬೇಕು? ಒಳ್ಳೆಯ ಶಿಬಿರ ನಡೆಸುವವರು ಇಂಥ ಪ್ರಶ್ನೆಗಳಿಗೆ ಬೇಸರಿಸುವುದಿಲ್ಲ.

ಕಾಲೇಜು ವಿದ್ಯಾರ್ಥಿಗಳಿಗೆ ಕೊನೆಯದಾಗಿ ಒಂದು ಮಾತು. ರಾಷ್ಟ್ರೀಯ ಸೇವಾ ಯೋಜನೆಯ ಏಳು ದಿನದ ಶಿಬಿರಕ್ಕೆ ಹೋಗಿ ಬಂದವರಿಗೆ ಹಳ್ಳಿಯ ಶಾಲೆಯ ಜಗುಲಿಯಲ್ಲಿ ಮಲಗಿದ ಅನುಭವ ಇದ್ದೇ ಇರುತ್ತದೆ. ಮಕ್ಕಳ ಶಿಬಿರಗಳಿಗೆ ನಿಮ್ಮಂಥ ಸ್ವಯಂಸೇವಕರು ಬೇಕು. ಮೊದಲ ರಾತ್ರಿ ಒಂದು ಸುತ್ತು ಹೋಗಿ ಬನ್ನಿ. ಯಾವುದೋ ಒಂದು ಮಗು ಹೊದಿಕೆಯೊಳಗೆ ಎಚ್ಚರವಾಗಿರುತ್ತದೆ. ಅದನ್ನು ಗೇಲಿ ಮಾಡಬೇಡಿ, ಉಪದೇಶವನ್ನೂ ಮಾಡಬೇಡಿ. ಪಕ್ಕದಲ್ಲಿ ಕುಳಿತು ಅದರ ಮನೆಯಲ್ಲಿ ಯಾರು ಯಾರು ಇದ್ದಾರೆ ಎಂದು ಕೇಳಿ. ಮಾತನಾಡುತ್ತಲೇ ಅದಕ್ಕೆ ನಿದ್ದೆ ಬರುತ್ತದೆ. ಬೆಳಿಗ್ಗೆ ತಿಂಡಿಗೆ ನಿಮ್ಮನ್ನೇ ಹುಡುಕಿಕೊಂಡು ಬರುತ್ತದೆ.