ಗಂಡಸರೇ, ಎದ್ದು ಹೋಗಬೇಡಿ



ಮಕ್ಕಳು ಸಾಕು ಅನ್ನುವ ಮಾತು ಬಂದರೆ ನಾವು ಗಂಡಸರು ಮೆಲ್ಲಗೆ ಏಳ್ತೀವಿ. ಬೀಡಿ ಹಚ್ಚೋ ನೆಪ. ಇವತ್ತು ಏಳಬೇಡಿ. ನಮ್ಮ ಮನೆಯ ಮಾತನ್ನೇ ಹೇಳ್ತೀನಿ.

ನಮಗೆ ಇಬ್ಬರು ಮಕ್ಕಳು. ಎರಡನೇ ಹೆರಿಗೆಯಲ್ಲಿ ನನ್ನ ಹೆಂಡತಿಗೆ ತುಂಬಾ ರಕ್ತ ಹೋಯಿತು. “ಇವಳಿಗೆ ರಕ್ತ ಕಡಿಮೆ. ಈಗ ಆಪರೇಷನ್ ಬೇಡ. ನೀನೇ ಮಾಡಿಸ್ಕೋಬಹುದಲ್ಲ?” ಅಂದರು ನರ್ಸಮ್ಮ.

ನನ್ನ ಎದೆ ಧಸಕ್ ಅಂತು. ಅವ್ವ ಅಂದಳು: “ದುಡಿಯೋ ಗಂಡಸು. ನಾಳೆ ನೇಗಿಲು ಹಿಡಿಯೋರು ಯಾರು?”

ಹೆಂಡತಿ ಕೇಳಿದಳು: “ಅತ್ತೆ, ನಾನೇನು ಕೂತು ಉಣ್ತೀನಾ? ನೀರು ಹೊರೋರು ಯಾರು? ಕಳೆ ಕೀಳೋರು ಯಾರು?”

ಅವ್ವ ಸುಮ್ಮನಾದಳು. ನಾನು ತಲೆ ತಗ್ಗಿಸಿದೆ.

ಡಾಕ್ಟರ ಹತ್ತಿರ ಹೋದೆ. “ಗಂಡಸುತನ ಹೋಗುತ್ತಾ?” ಅಂತ ಕೇಳಿದೆ. ಅವರು ನಕ್ಕರು. “ಹೋರಿಗೆ ಬೀಜ ಒಡೆಯುತ್ತಾರಲ್ಲ, ಇದು ಹಾಗಲ್ಲ. ಬೀಜ ಮುಟ್ಟುವುದಿಲ್ಲ. ವೀರ್ಯಾಣು ಬರುವ ಎರಡು ಸಣ್ಣ ನಾಳ ಮುಚ್ಚುತ್ತೇವೆ, ಅಷ್ಟೆ. ಶಕ್ತಿ, ಆಸೆ ಎಲ್ಲ ಇರುತ್ತೆ” ಅಂದರು.

ಈಗಿನ ವಿಧಾನದಲ್ಲಿ ಹೊಲಿಗೆ ಇಲ್ಲ. ಆ ಜಾಗ ಮರಗಟ್ಟಲು ಒಂದು ಸೂಜಿ. ಸಣ್ಣ ತೂತು. ಅದೇ ದಿನ ಮನೆಗೆ. ಎರಡು ದಿನ ವಿಶ್ರಾಂತಿ ಬೇಕು. ಒಂದು ವಾರ ಸೈಕಲ್ ತುಳಿಯಬಾರದು, ಮೂಟೆ ಹೊರಬಾರದು. ಹೆಂಗಸರ ಆಪರೇಷನ್‌ಗೆ ಹೊಟ್ಟೆಯ ಒಳಗೆ ಕೈ ಹಾಕಬೇಕು. ನಮ್ಮದು ಅದಕ್ಕಿಂತ ಸುಲಭ.

ಒಂದು ಎಚ್ಚರಿಕೆ. ಮೂರು ತಿಂಗಳು ನಿರೋಧ್ ಬಳಸಬೇಕು. ಆಮೇಲೆ ವೀರ್ಯ ಪರೀಕ್ಷೆ ಮಾಡಿಸಬೇಕು. ಆಗಲೇ ನಂಬಿಕೆ. ಮುಂದೆ ಮಕ್ಕಳು ಬೇಕು ಅನ್ನುವವರಿಗೆ ಇದು ಬೇಡ. ಅಂಥವರಿಗೆ ನಿರೋಧ್ ಇದೆ. ಅದನ್ನು ತರಲು ಹೆಂಡತಿಯನ್ನು ಕಳಿಸಬೇಡಿ. ನೀವೇ ಹೋಗಿ.

ಹಿರಿಯರ ಭಯ ಸುಳ್ಳಲ್ಲ. ತುರ್ತು ಪರಿಸ್ಥಿತಿಯಲ್ಲಿ, 1976-77ರ ಒಂದೇ ವರ್ಷ, ದೇಶದಲ್ಲಿ 60 ಲಕ್ಷಕ್ಕೂ ಹೆಚ್ಚು ಗಂಡಸರಿಗೆ ಆಪರೇಷನ್ ಆಯಿತು. ಎಷ್ಟೋ ಜನರನ್ನು ಬಲವಂತದಿಂದ ಎಳೆದೊಯ್ದರು. ಅದು ತಪ್ಪು. ಬಲವಂತ ಯಾರಿಗೂ ಬೇಡ, ಗಂಡಸಿಗೂ ಬೇಡ, ಹೆಂಗಸಿಗೂ ಬೇಡ.

ಆದರೆ ಆಮೇಲೆ ಏನಾಯಿತು? ಭಾರವೆಲ್ಲ ಹೆಂಗಸರ ಮೇಲೆ ಬಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ ನೋಡಿ. ಮದುವೆಯಾದ 100 ಹೆಂಗಸರಲ್ಲಿ ಸುಮಾರು 38 ಮಂದಿಗೆ ಆಪರೇಷನ್ ಆಗಿತ್ತು. ಗಂಡನಿಗೆ ಆಪರೇಷನ್ ಆದದ್ದು 1000 ಮನೆಗಳಲ್ಲಿ ಮೂರರಲ್ಲಿ. “ಇದು ಹೆಂಗಸರ ಕೆಲಸ, ನಮಗೇಕೆ?” ಅಂದ ಗಂಡಸರು 100ಕ್ಕೆ 35.

ಆಸ್ಪತ್ರೆಯಲ್ಲಿ ಒಪ್ಪಿಗೆ ಕಾಗದ ಕೊಟ್ಟರು. ನಾನು ಹೆಬ್ಬೆಟ್ಟು ಒತ್ತಲಿಲ್ಲ. ಅಕ್ಷರ ಅಕ್ಷರ ಕೂಡಿಸಿ ಓದಿದೆ. ತಿಳಿಯದ್ದನ್ನು ಕೇಳಿದೆ. ಆಮೇಲೆ ಸಹಿ ಹಾಕಿದೆ. ಓದು ಕಲಿತದ್ದು ಅವತ್ತು ಕೈ ಹಿಡಿಯಿತು.

ಆರು ವರ್ಷ ಆಯಿತು. ನೇಗಿಲು ಇನ್ನೂ ನಾನೇ ಹಿಡಿಯುತ್ತೇನೆ. ನನ್ನ ಹೆಂಡತಿ ಗಟ್ಟಿಯಾಗಿದ್ದಾಳೆ. ಅಗೋ, ಹಿಂದಿನ ಸಾಲಿನಲ್ಲಿ ಕೂತು ನಗುತ್ತಿದ್ದಾಳೆ.

ಇವತ್ತು ರಾತ್ರಿ ಮನೆಯಲ್ಲಿ ಗಂಡ ಹೆಂಡತಿ ಕೂತು ಮಾತಾಡಿ. ಮೊದಲ ಮಾತು ಗಂಡನೇ ಆಡಲಿ.