1812ರ ಯುದ್ಧ: ಸೋತವರು ಯಾರು?

ಯುದ್ಧ ಅಂದ ಕೂಡಲೇ ಗೆದ್ದವರು ಯಾರು ಅಂತ ಕೇಳ್ತೀವಿ. ಇವತ್ತು ನಾನು ಸೋತವರ ಕಥೆ ಹೇಳ್ತೀನಿ.

1812ರ ಜೂನ್‌ನಲ್ಲಿ ಅಮೆರಿಕ ಬ್ರಿಟನ್ ಮೇಲೆ ಯುದ್ಧ ಸಾರಿತು. ಬ್ರಿಟಿಷ್ ನೌಕಾಪಡೆ ಅಮೆರಿಕದ ಹಡಗುಗಳನ್ನು ತಡೆದು, ನಾವಿಕರನ್ನು ಎಳೆದೊಯ್ದು ದುಡಿಸಿಕೊಳ್ತಿತ್ತು ಅನ್ನೋದು ದೊಡ್ಡ ಕಾರಣ. ಆದರೆ ದೇಶ ಒಂದಾಗಿರಲಿಲ್ಲ. ಕೆಳಮನೆಯಲ್ಲಿ 79 ಮತ ಪರ, 49 ವಿರೋಧ. ಫೆಡರಲಿಸ್ಟ್ ಪಕ್ಷದ ಒಬ್ಬರೂ ಪರವಾಗಿ ಮತ ಹಾಕಲಿಲ್ಲ. ಅವರ ನೆಲೆಯಾದ ನ್ಯೂ ಇಂಗ್ಲೆಂಡ್ ಬದುಕುತ್ತಿದ್ದದ್ದೇ ಸಮುದ್ರ ವ್ಯಾಪಾರದಿಂದ.

ಅವರ ಭಯ ಸುಳ್ಳಾಗಲಿಲ್ಲ. ವ್ಯಾಪಾರ ನೆಲಕಚ್ಚಿತು. 1814ರ ಆಗಸ್ಟ್‌ನಲ್ಲಿ ಬ್ರಿಟಿಷರು ವಾಷಿಂಗ್ಟನ್‌ಗೆ ನುಗ್ಗಿ ಅಧ್ಯಕ್ಷರ ನಿವಾಸಕ್ಕೇ ಬೆಂಕಿ ಇಟ್ಟರು. ಡಿಸೆಂಬರ್‌ನಲ್ಲಿ ಫೆಡರಲಿಸ್ಟರು ಹಾರ್ಟ್‌ಫರ್ಡ್‌ನಲ್ಲಿ ಬಾಗಿಲು ಮುಚ್ಚಿಕೊಂಡು ಸಭೆ ನಡೆಸಿದರು. ಒಕ್ಕೂಟ ಬಿಟ್ಟು ಹೋಗೋಣ ಅನ್ನೋ ಮಾತು ಆ ಭಾಗದಲ್ಲಿ ಓಡಾಡ್ತಿತ್ತು. ಸಭೆ ಕೊನೆಗೆ ಕೇಳಿದ್ದು ಮಾತ್ರ ಸಂವಿಧಾನ ತಿದ್ದುಪಡಿ: ಯುದ್ಧ ಸಾರಲು ಮೂರನೇ ಎರಡರಷ್ಟು ಮತ ಬೇಕು, ಒಬ್ಬರು ಒಂದೇ ಸಲ ಅಧ್ಯಕ್ಷರಾಗಬೇಕು, ಹೀಗೆ.

ಈ ಬೇಡಿಕೆ ರಾಜಧಾನಿ ತಲುಪುವ ಹೊತ್ತಿಗೆ ಎರಡು ಸುದ್ದಿ ಬಂದವು. 1815ರ ಜನವರಿ 8ರಂದು ಆಂಡ್ರ್ಯೂ ಜಾಕ್ಸನ್ ನ್ಯೂ ಆರ್ಲಿಯನ್ಸ್‌ನಲ್ಲಿ ಬ್ರಿಟಿಷರನ್ನು ಸೋಲಿಸಿದ್ದ. ಅದಕ್ಕೂ ಮೊದಲೇ, ಡಿಸೆಂಬರ್ 24ರಂದು, ಘೆಂಟ್‌ನಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದಿತ್ತು. ಆ ಒಪ್ಪಂದದಲ್ಲಿ ನಾವಿಕರ ವಿಷಯವೇ ಇರಲಿಲ್ಲ! ಆದರೂ ಜನ ಗೆದ್ದೆವು ಅಂತ ಕುಣಿದರು. ಫೆಡರಲಿಸ್ಟರಿಗೆ ದೇಶದ್ರೋಹಿಗಳ ಹಣೆಪಟ್ಟಿ ಬಿತ್ತು. 1816ರ ಚುನಾವಣೆಯಲ್ಲಿ ಜೇಮ್ಸ್ ಮನ್ರೋಗೆ 183 ಎಲೆಕ್ಟೋರಲ್ ಮತ, ಫೆಡರಲಿಸ್ಟ್ ರೂಫಸ್ ಕಿಂಗ್‌ಗೆ 34. ಮುಂದಿನ ಸಲ ಅಧ್ಯಕ್ಷ ಸ್ಥಾನಕ್ಕೆ ಅವರ ಕಡೆಯಿಂದ ಯಾರೂ ನಿಲ್ಲಲೇ ಇಲ್ಲ.

ಯುದ್ಧ ವಿರೋಧಿಸಿದ್ದು ತಪ್ಪು ಅಂತ ನನಗನಿಸಲ್ಲ. ಆದರೆ ಮುಚ್ಚಿದ ಬಾಗಿಲು ಅನುಮಾನ ಹುಟ್ಟಿಸಿತು, ಗೆಲುವಿನ ಸಂಭ್ರಮ ಆ ಅನುಮಾನವನ್ನೇ ತೀರ್ಪು ಮಾಡಿತು.

ಇವರಿಗಿಂತ ಹೆಚ್ಚು ಕಳಕೊಂಡವರು ಮೂಲನಿವಾಸಿಗಳು. ಬುಡಕಟ್ಟುಗಳನ್ನು ಒಗ್ಗೂಡಿಸುತ್ತಿದ್ದ ಟೆಕುಮ್ಸೆ 1813ರಲ್ಲೇ ಹತನಾದ. 1814ರಲ್ಲಿ ಜಾಕ್ಸನ್ ಕ್ರೀಕ್ ಜನರಿಂದ 2 ಕೋಟಿ ಎಕರೆಗೂ ಹೆಚ್ಚು ನೆಲ ಬರೆಸಿಕೊಂಡ. ಯುದ್ಧದ ಹೀರೋ ಅನ್ನೋ ಹೆಸರೇ ಮುಂದೆ ಅವನನ್ನು ಅಧ್ಯಕ್ಷನ ಕುರ್ಚಿಗೆ ಏರಿಸಿತು. 1830ರಲ್ಲಿ, ಮೂಲನಿವಾಸಿಗಳನ್ನು ಮಿಸಿಸಿಪ್ಪಿ ನದಿಯಾಚೆ ಕಳಿಸುವ ಕಾನೂನಿಗೆ ಅವನೇ ಸಹಿ ಹಾಕಿದ.

ಫೆಡರಲಿಸ್ಟರು ಕಳಕೊಂಡಿದ್ದು ಪಕ್ಷ. ಇವರು ಕಳಕೊಂಡಿದ್ದು ಕಾಲ ಕೆಳಗಿನ ನೆಲ.